ಟ್ರ್ಯಾಕ್ಟರ್ ಡೀಸೆಲ್ ಗಟ್ಟಿಯಾಗದಿರಲು: ಹೀಟರ್, ಬಿಳಿ ಬಾಟ್ಲಿ, ನಂಬರ್ ಒನ್ — ಮೂರನ್ನೂ ಬಳಸಿ ನೋಡಿದೆ

ಎಂಜಿನ್ ಸ್ಟಾರ್ಟೇ ಆಗದಿದ್ದರೆ ಇಷ್ಟು ಪೇಚಾಡುತ್ತಿರಲಿಲ್ಲ. ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಹತ್ತು ನಿಮಿಷ ಸ್ನೋ ಎತ್ತಿ ಎಸೆಯಿತು. ಆಮೇಲೆ ದಮ್ಮು ಹತ್ತಿದವರ ಹಾಗೆ ಒಮ್ಮೆ ಏರಿ ಒಮ್ಮೆ ಇಳಿದು, ಡ್ರೈವ್‌ವೇ ನಟ್ಟನಡುವೆ ನಿಂತುಬಿಟ್ಟಿತು. ಹೊರಗೆ ಮೈನಸ್ 24 ಡಿಗ್ರಿ ಸೆಲ್ಸಿಯಸ್. ಬಿಸಿಲು ಮಾತ್ರ ಕಣ್ಣು ಕುಕ್ಕುವಷ್ಟಿತ್ತು.

ನಾವಿರುವುದು ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್‌ನಿಂದ ಒಂದು ಗಂಟೆ ದೂರ. ಐದು ಎಕರೆ ಜಾಗ, ಉದ್ದದ ಡ್ರೈವ್‌ವೇ, 24 ಎಚ್‌ಪಿಯ ಪುಟ್ಟ ಟ್ರ್ಯಾಕ್ಟರ್. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತದೆ, ಚಳಿಗಾಲದಲ್ಲಿ ಸ್ನೋ ಬ್ಲೋವರ್ ಕಟ್ಟಿಕೊಳ್ಳುತ್ತದೆ. ನಾನು ಹಾಸನದ ಕಡೆಯವನು, ಅಪ್ಪನ ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕೂತು ಬೆಳೆದವನು. ಡೀಸೆಲ್ ಕಲಬೆರಕೆ ಆಗುತ್ತದೆ, ಕಳುವಾಗುತ್ತದೆ ಅಂತ ಗೊತ್ತಿತ್ತು. ಗಟ್ಟಿಯಾಗುತ್ತದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

"ಕೊಬ್ಬರಿ ಎಣ್ಣೆ ಬಾಟ್ಲಿನ ಬಿಸಿಲಲ್ಲಿ ಇಡೋ ಹಾಗೆ ಇದನ್ನೂ ಇಟ್ಟುಬಿಡಿ" ಅಂದಳು ಹೆಂಡತಿ. ತಮಾಷೆಗೆ ಅಂದಿದ್ದು. ಆದರೆ ನಡೆದದ್ದು ಹೆಚ್ಚುಕಡಿಮೆ ಅದೇ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ. ಚಳಿ ಏರಿದಾಗ ಅದು ಸಣ್ಣ ಸಣ್ಣ ಹರಳಾಗುತ್ತದೆ. ಮೊದಲು ಡೀಸೆಲ್ ಮಬ್ಬಾಗುತ್ತದೆ, ಇದನ್ನೇ ಕ್ಲೌಡ್ ಪಾಯಿಂಟ್ ಅನ್ನುವುದು. ಇಲ್ಲಿನ ಸಾಮಾನ್ಯ ನಂಬರ್ ಟೂ ಡೀಸೆಲ್‌ಗೆ ಇದು ಮೈನಸ್ 10ರ ಆಸುಪಾಸು. ಟ್ಯಾಂಕಿನ ಡೀಸೆಲ್ ಇನ್ನೂ ನೀರಾಗಿಯೇ ಇರಬಹುದು, ಆದರೆ ಆ ಹರಳುಗಳು ಹೋಗಿ ಫಿಲ್ಟರ್ ಮುಚ್ಚುತ್ತವೆ. ಪೈಪಿನಲ್ಲಿ ಮೊದಲೇ ಇದ್ದ ಡೀಸೆಲ್‌ನಿಂದ ಎಂಜಿನ್ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತು ಓಡಿ ಸಾಯುತ್ತದೆ.

ನನ್ನ ವಿಷಯದಲ್ಲಿ ಇನ್ನೊಂದು ಎಡವಟ್ಟು ಇತ್ತು. ಮಿನ್ನೆಸೋಟಾ ಕಾನೂನಿನ ಪ್ರಕಾರ ಬೇಸಿಗೆಯಲ್ಲಿ ಮಾರುವ ಡೀಸೆಲ್‌ನಲ್ಲಿ 20% ಬಯೋಡೀಸೆಲ್ ಇರುತ್ತದೆ, ಚಳಿಗಾಲದಲ್ಲಿ 5%. ಸೋಯಾ ಎಣ್ಣೆಯ ಬಯೋಡೀಸೆಲ್ ಸೊನ್ನೆ ಡಿಗ್ರಿ ಹತ್ತಿರವೇ ಮಬ್ಬಾಗಲು ಶುರು. ನಾನು ಸೆಪ್ಟೆಂಬರ್‌ನಲ್ಲಿ ತುಂಬಿಸಿದ ಕ್ಯಾನ್ ಗರಾಜ್ ಮೂಲೆಯಲ್ಲಿತ್ತು. ಜನವರಿಯಲ್ಲಿ ಅದನ್ನೇ ಟ್ಯಾಂಕಿಗೆ ಸುರಿದಿದ್ದೆ. ತಪ್ಪು ಪೂರ್ತಿ ನನ್ನದೇ.

ಆ ಚಳಿಗಾಲ ಮತ್ತು ಮುಂದಿನದ್ದು, ಎರಡರಲ್ಲೂ ಒಂದೊಂದೇ ಉಪಾಯ ಮಾಡಿ ನೋಡಿದೆ: ಹೀಟರ್, ಡೀಸೆಲ್ ಗಟ್ಟಿಯಾಗದಿರಲು ಬೆರೆಸುವ ಆಂಟಿಜೆಲ್ ದ್ರವ (ಇದೇ ಬಿಳಿ ಬಾಟ್ಲಿ), ಮೇಣ ಕಡಿಮೆ ಇರುವ ನಂಬರ್ ಒನ್ ಡೀಸೆಲ್. ಮೊದಲು ಬ್ಲಾಕ್ ಹೀಟರ್. ಎಂಜಿನ್ನಿಗೆ ಕೂರಿಸುವ ಕರೆಂಟ್ ಹೀಟರ್ ಇದು, ನನ್ನದು 400 ವಾಟ್. ಟೈಮರ್ ಹಾಕಿ ಮೂರು ಗಂಟೆ ಬಿಟ್ಟರೆ ಒಂದೂಕಾಲು ಯುನಿಟ್ಟೂ ಖರ್ಚಾಗುವುದಿಲ್ಲ. ಮೈನಸ್ 20ರಲ್ಲೂ ಬೇಸಿಗೆಯ ಹಾಗೆ ಸ್ಟಾರ್ಟ್ ಆಗುತ್ತದೆ. ಖುಷಿಯಾಗಿ ಹೋಗಿ ನೋಡಿದರೆ ಎರಡನೇ ಸಲವೂ ಡ್ರೈವ್‌ವೇಯಲ್ಲೇ ನಿಂತಿತು! ಯಾಕೆಂದರೆ ಹೀಟರ್ ಬೆಚ್ಚಗೆ ಮಾಡುವುದು ಎಂಜಿನ್ನನ್ನು. ಟ್ಯಾಂಕು, ಪೈಪು, ಫಿಲ್ಟರ್ ಎಲ್ಲ ಹೊರಗಿನ ಚಳಿಯಲ್ಲೇ ಇರುತ್ತವೆ. ಬ್ಯಾಟರಿಗೂ ಎಂಜಿನ್ನಿಗೂ ಒಳ್ಳೆಯದು, ಇರಲಿ. ಡೀಸೆಲ್ ಗಟ್ಟಿಯಾಗುವುದಕ್ಕೆ ಮಾತ್ರ ಇದು ಮದ್ದಲ್ಲ. ನಾನು ಜಾಸ್ತಿ ದುಡ್ಡು ಹಾಕಿದ್ದು ಇದಕ್ಕೇ ಅನ್ನುವುದು ಬೇರೆ ಮಾತು.

ಮಿಕ್ಕವನ್ನು ಟ್ರ್ಯಾಕ್ಟರ್‌ಗೆ ಹಾಕುವ ಮೊದಲು ಉಪ್ಪಿನಕಾಯಿ ಬಾಟ್ಲಿಗಳಲ್ಲಿ ಪರೀಕ್ಷೆ ಮಾಡಿದೆ. ಗಾಜಿನ ಖಾಲಿ ಬಾಟ್ಲಿಗಳು, ಒಂದೊಂದಕ್ಕೂ ಒಂದೊಂದು ಬಗೆಯ ಡೀಸೆಲ್, ಮೇಲೆ ಟೇಪ್ ಅಂಟಿಸಿ ಹೆಸರು. ಮನೆಯಿಂದ ದೂರ, ಶೆಡ್ಡಿನ ಹಿಂದೆ ಒಂದು ರಾತ್ರಿ ಇಟ್ಟೆ. ಬೆಳಗಿನ ಜಾವ ಮೈನಸ್ 24.

ಸೆಪ್ಟೆಂಬರಿನ ಡೀಸೆಲ್ ಮರಳು ಮರಳಾದ ತುಪ್ಪದ ಹಾಗಾಗಿತ್ತು. ಬಾಟ್ಲಿ ಓರೆ ಮಾಡಿದರೂ ಜರುಗಲಿಲ್ಲ. ಅದೇ ಡೀಸೆಲ್‌ಗೆ ಮೊದಲೇ ಬಿಳಿ ಬಾಟ್ಲಿಯ ಆಂಟಿಜೆಲ್ ಬೆರೆಸಿದ್ದು ಮಜ್ಜಿಗೆಯಂತೆ ಬೆಳ್ಳಗಾಗಿ, ನಿಧಾನವಾಗಿ ಹರಿಯಿತು. ಆದರೆ ತಳದಲ್ಲಿ ಗಸಿ ಇತ್ತು. ಬಂಕಿನ ಚಳಿಗಾಲದ ಡೀಸೆಲ್ ಜೊತೆ ಆಂಟಿಜೆಲ್ ಬೆರೆಸಿದ್ದು ಸ್ವಲ್ಪ ಮಬ್ಬಾಗಿತ್ತು, ಸಲೀಸಾಗಿ ಸುರಿಯಿತು. ನಂಬರ್ ಒನ್ ಡೀಸೆಲ್ ಸುಮ್ನೆ ನೀರಿನ ಹಾಗೆ ತಿಳಿಯಾಗಿ ಕೂತಿತ್ತು. ಒನ್ ಮತ್ತು ಟೂ ಅರ್ಧರ್ಧ ಬೆರೆಸಿದ್ದರಲ್ಲಿ ಗಂಜಿ ತಿಳಿಯಷ್ಟು ಮಬ್ಬು, ಅಷ್ಟೇ.

ಹೆಚ್ಚು ಪಾಠ ಕಲಿಸಿದ್ದು ಆರನೇ ಬಾಟ್ಲಿ. ಆಗಲೇ ಗಟ್ಟಿಯಾಗಿದ್ದ ಡೀಸೆಲ್ ಮೇಲೆ ಬಿಳಿ ಬಾಟ್ಲಿಯಿಂದ ಸುರಿದೆ. ಹಾಲಿನ ಕೆನೆಯ ಹಾಗೆ ಮೇಲೇ ನಿಂತಿತು, ಏನೂ ಕರಗಲಿಲ್ಲ. ಆಂಟಿಜೆಲ್ ಮೇಣ ಹುಟ್ಟುವುದನ್ನು ತಡೆಯುವುದಿಲ್ಲ. ಹರಳು ದೊಡ್ಡದಾಗಿ ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಆದ್ದರಿಂದ ಡೀಸೆಲ್ ಬೆಚ್ಚಗಿರುವಾಗಲೇ, ಮಬ್ಬಾಗುವ ಮೊದಲೇ ಹಾಕಬೇಕು. ಮೊದಲು ಆಂಟಿಜೆಲ್ ಹಾಕಿ, ಮೇಲೆ ಡೀಸೆಲ್ ತುಂಬಿಸಿದರೆ ತಾನಾಗಿ ಬೆರೆಯುತ್ತದೆ. ನಾನು ತಂದ ಬಾಟ್ಲಿ 32 ಔನ್ಸಿನದು, 100 ಗ್ಯಾಲನ್ನಿಗೆ ಸಾಕು. ನನ್ನ 6 ಗ್ಯಾಲನ್ ಟ್ಯಾಂಕಿಗೆ ಎರಡು ಔನ್ಸ್. ಮೈನಸ್ 18ಕ್ಕಿಂತ ಕೆಳಗೆ ಹೋದರೆ ಎರಡರಷ್ಟು.

ನಂಬರ್ ಒನ್‌ಗೆ ಈ ತಲೆನೋವೇ ಇಲ್ಲ. ಮೈನಸ್ 40ರ ಆಸುಪಾಸಿನವರೆಗೂ ಮೇಣದ ಭಯ ಇಲ್ಲ. ಆದರೆ ಗ್ಯಾಲನ್ನಿಗೆ ಅರ್ಧ ಡಾಲರಿಗೂ ಜಾಸ್ತಿ ಕೊಡಬೇಕು. ಜಿಡ್ಡು ಕಡಿಮೆ, ಶಕ್ತಿಯೂ ಸ್ವಲ್ಪ ಕಡಿಮೆ. ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ, ನಾನು ಇಪ್ಪತ್ತು ಮೈಲಿ ಹೋಗಿ ತರುತ್ತೇನೆ. ಅದಕ್ಕೇ ಈಗ ಡಿಸೆಂಬರಿಂದ ಫೆಬ್ರವರಿವರೆಗೆ ಅರ್ಧರ್ಧ ಬೆರೆಸಿ, ಮೇಲೆ ಎರಡು ಔನ್ಸ್ ಬಿಳಿ ಬಾಟ್ಲಿ. ಮೈನಸ್ 30 ಅಂತ ಹವಾಮಾನದವರು ಹೇಳಿದ ವಾರ ಪೂರ್ತಿ ನಂಬರ್ ಒನ್. ಎರಡೂ ಬೇಕಾ ಅಂತ ಕೇಳಬಹುದು. ಒಂದನ್ನೇ ಆರಿಸಿಕೋ ಅಂದರೆ ನಾನು ನಂಬರ್ ಒನ್ ಕಡೆಗೇ ಕೈ ಎತ್ತುತ್ತೇನೆ.

ಸೀಮೆಎಣ್ಣೆ ಬೆರೆಸುವುದು ಇಲ್ಲಿನ ಹಳೆಯ ರೈತರ ಉಪಾಯ. ಪಕ್ಕದ ಮನೆಯ ಅಜ್ಜನೂ ಅದನ್ನೇ ಹೇಳಿದ. ಅವನ ಹಳೇ ಟ್ರ್ಯಾಕ್ಟರ್‌ಗೆ ನಡೆಯುತ್ತದೆ. ಆದರೆ ಇಲ್ಲಿ ಮಾರುವ ಕೆ-1 ಸೀಮೆಎಣ್ಣೆಯಲ್ಲಿ 400 ಪಿಪಿಎಂವರೆಗೆ (ಹತ್ತು ಲಕ್ಷಕ್ಕೆ 400 ಪಾಲು) ಗಂಧಕ ಇರಬಹುದು, ಈಗಿನ ಡೀಸೆಲ್‌ನಲ್ಲಿ 15ಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಹೊಗೆ ಫಿಲ್ಟರ್ ಇರುವ ಹೊಸ ಗಾಡಿಗೆ ಇದು ವಿಷ. ನಾನು ಹಾಕಿ ನೋಡಲೇ ಇಲ್ಲ. ಪೆಟ್ರೋಲ್ ಬೆರೆಸುವ ಸಲಹೆಯೂ ಬಂತು, ಅದಂತೂ ಬೆಂಕಿ ಜೊತೆ ಸರಸ.

ಮುಖ್ಯವಾದ ಇನ್ನೊಂದು ವಿಷಯ, ಡೀಸೆಲ್ ಎಲ್ಲಿಂದ ತರುತ್ತೀರಿ ಅನ್ನುವುದು. ಹೊಲದ ಕೆಲಸಕ್ಕೆ ತೆರಿಗೆ ಇಲ್ಲದ ಕೆಂಪು ಬಣ್ಣದ ಡೀಸೆಲ್ ಸಿಗುತ್ತದೆ, ಅಗ್ಗ. ರಸ್ತೆ ಗಾಡಿಗೆ ಹಾಕಿದರೆ ದಂಡ, ಟ್ರ್ಯಾಕ್ಟರ್‌ಗೆ ಪರವಾಗಿಲ್ಲ. ಆದರೆ ವ್ಯಾಪಾರ ಕಡಿಮೆ ಇರುವ ಪಂಪಿನಲ್ಲಿ ಡಿಸೆಂಬರ್‌ನಲ್ಲೂ ಅಕ್ಟೋಬರ್ ಸರಕೇ ಉಳಿದಿರಬಹುದು. ಹೈವೇ ಪಕ್ಕ ಲಾರಿಗಳು ಸಾಲು ನಿಲ್ಲುವ ಬಂಕಿನಲ್ಲಿ ಆ ಭಯ ಇಲ್ಲ. ಹತ್ತು ಗ್ಯಾಲನ್ ತರುವವನಿಗೆ ಆ ತೆರಿಗೆ ಏನು ಮಹಾ?

ವಿಂಡ್ ಚಿಲ್, ಅಂದರೆ ಗಾಳಿಯಿಂದಾಗಿ ಮೈಗೆ ಅನಿಸುವ ಚಳಿಯ ಲೆಕ್ಕ, ನೋಡಿ ಹೆದರಬೇಡಿ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಇತ್ತು, ವಿಂಡ್ ಚಿಲ್ ಮೈನಸ್ 45ಕ್ಕೂ ಕೆಳಗೆ. ಗಾಳಿ ನಮ್ಮ ಚರ್ಮ ಕೊರೆಯುತ್ತದೆ. ಟ್ಯಾಂಕನ್ನು ಬೇಗ ತಣ್ಣಗೆ ಮಾಡುತ್ತದೆ ನಿಜ, ಆದರೆ ಮೈನಸ್ 33ಕ್ಕಿಂತ ಕೆಳಗೆ ಇಳಿಸಲಾರದು. ಅಂದಹಾಗೆ ನಮ್ಮ ಲಡಾಖ್‌ಗೂ ಇದೇ ಕಷ್ಟ. ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್‌ ಅನ್ನು ಇಂಡಿಯನ್ ಆಯಿಲ್ ಅಲ್ಲಿ ಕೊಡಲು ಶುರು ಮಾಡಿದ್ದು 2019ರ ನವೆಂಬರ್‌ನಲ್ಲಿ.

ಬಿಸಿ ಮಾಡಿದ ಗರಾಜ್ ಇದ್ದರೆ ಇದೆಲ್ಲ ಅರ್ಧ ಬೇಕಿಲ್ಲ ಬಿಡಿ. ನಮ್ಮದು ತಗಡಿನ ಶೆಡ್ಡು.

ಈಗ ಅಕ್ಟೋಬರ್ ಬಂದರೆ ಬೇಸಿಗೆಯ ಕ್ಯಾನನ್ನು ಮೊದಲು ಖಾಲಿ ಮಾಡುತ್ತೇನೆ. ಉದುರಿದ ಮೇಪಲ್ ಎಲೆಗಳನ್ನು ಪುಡಿ ಮಾಡಲು ಅದೇ ಡೀಸೆಲ್. ಎಲೆ ಮುಗಿದು ಡೀಸೆಲ್ ಉಳಿದರೆ, ಬೇಕಿಲ್ಲದಿದ್ದರೂ ಇನ್ನೊಂದು ಸುತ್ತು ಹುಲ್ಲಿನ ಮೇಲೆ ಓಡಿಸುತ್ತೇನೆ. ಫಿಲ್ಟರ್ ಬದಲಿಸಿ, ಅದರ ಕೆಳಗಿನ ಬಟ್ಟಲಿನಲ್ಲಿ ನೀರಿದ್ದರೆ ಚೆಲ್ಲುತ್ತೇನೆ. ಆ ನೀರು ಹೆಪ್ಪುಗಟ್ಟಿದರೂ ಎಂಜಿನ್ ಹೀಗೇ ನಿಲ್ಲುತ್ತದೆ. ಒಂದು ಹೊಸ ಫಿಲ್ಟರು, ಗಟ್ಟಿಯಾದ ಮೇಲೆ ಕರಗಿಸಲು ಹಾಕುವ ಕೆಂಪು ಬಾಟ್ಲಿ ಒಂದು, ಎರಡೂ ಅಡುಗೆಮನೆ ಪಕ್ಕದ ಕಪಾಟಿನಲ್ಲಿವೆ. ಶೀಗೆಪುಡಿ ಡಬ್ಬಿ ಪಕ್ಕ ಅದೇನು ಅಂತ ಹೆಂಡತಿ ತಿಂಗಳಿಗೊಮ್ಮೆ ಕೇಳುತ್ತಾಳೆ.