ಬೆಳಗಾವಿಯಲ್ಲಿ ಪ್ಲಾಟ್ ನೋಡುವವರಿಗೆ ದಿಶಾಂಕ್ ಆ್ಯಪ್ ಎಷ್ಟು ನೆರವು?

ಬೆಳಗಾವಿ ಸುತ್ತ ಪ್ಲಾಟ್ ಹುಡುಕುವವರ ಮೊಬೈಲಿನಲ್ಲಿ ದಿಶಾಂಕ್ ಇರಲೇಬೇಕು. ಉಚಿತ, ಸರ್ಕಾರದ್ದೇ. ಜಾಗದಲ್ಲಿ ನಿಂತು ನಕ್ಷೆ ಒತ್ತಿದರೆ ಹೋಬಳಿ, ಗ್ರಾಮ, ಸರ್ವೆ ನಂಬರ್ ಬರುತ್ತದೆ. ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ಆರಿಸಿದರೆ ಪಹಣಿಯಲ್ಲಿರುವ ಮಾಲೀಕರ ಹೆಸರೂ ಸಿಗುತ್ತದೆ. ಏಜೆಂಟ್ ತೋರಿಸಿದ ಹೊಲ ಒಂದು, ಕಾಗದದ ಸರ್ವೆ ನಂಬರ್ ಇನ್ನೊಂದು ಆಗಿದ್ದರೆ ಅಲ್ಲೇ ಬಯಲಾಗುತ್ತದೆ. ಇದೊಂದಕ್ಕೇ ಪೂರ್ತಿ ಅಂಕ ಕೊಡಬಹುದು.

ಗಡಿಗೆ ಮಾತ್ರ ನಂಬಬೇಡಿ. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸಿದ್ದು ಇದು. ಜಿಪಿಎಸ್ ಕೂಡ ಕೆಲವು ಮೀಟರ್ ಸರಿಯುತ್ತದೆ. 3 ಮೀಟರ್ ತಪ್ಪಿದರೆ 30×40 ಅಡಿ ಪ್ಲಾಟಿನ ಅಗಲದಲ್ಲಿ ಮೂರನೇ ಒಂದು ಪಾಲು ಹೋದಂತೆ. ಸರ್ವೇಯರ್ ಅಳತೆಯೇ ಬೇಕು.

ಜಾಗ ಯಾವ ಬಳಕೆಗೆ ಎಂಬ ವಲಯಕ್ಕೆ ಆಧಾರ ಮಹಾಯೋಜನೆ (ಮಾಸ್ಟರ್ ಪ್ಲಾನ್). ಸರ್ವೆ ನಂಬರ್ ಹಿಡಿದು ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ನಕ್ಷೆ ಕೇಳಿ: ಸಾಮಾನ್ಯವಾಗಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ. ಪ್ರಸ್ತಾವಿತ ರಸ್ತೆಯ ಗೆರೆ ಪ್ಲಾಟಿನ ಮೇಲೆ ಹಾದಿದೆಯೇ ಎಂದೂ ನೋಡಿ, ಬಹಳ ಜನ ಇದನ್ನೇ ಬಿಡುತ್ತಾರೆ. ‘ಎನ್‌ಎ ಆಗೈತಿ’, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದೆ, ಎಂದರೆ ಸಾಲದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪರಿವರ್ತನೆ ಬೇರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಲೇಔಟ್ ಮಂಜೂರಾತಿ ಬೇರೆ. ಎರಡನೆಯದಿಲ್ಲದ ಗುಂಟೆ ಪ್ಲಾಟಿಗೆ (ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ್ದು) ಕಟ್ಟಡ ಪರವಾನಗಿ, ಬ್ಯಾಂಕ್ ಸಾಲ ಎರಡೂ ಕಷ್ಟ.