ಹಳೇ ಮೌಂಟನ್ ಬೈಕ್ ಕೊಳ್ಳೋ ಮುಂಚೆ ಸೀಟು ಎತ್ತಿ ನೋಡಿ

ಫೋಟೋ ನೋಡಿ ದುಡ್ಡು ಕೊಟ್ಟೆ. ತೊಂಬತ್ತರ ದಶಕದ ಶುರುವಿನ ಸ್ಟೀಲ್ ಫ್ರೇಮು, ಗೀರಿಲ್ಲದ ಪೇಂಟು, ಚಕ್ರದ ನಡುವೆ ನೇರಳೆ ಬಣ್ಣದ ಹಬ್ಬು. ‘ಈಗಿನ ಬೈಕುಗಳಲ್ಲಿ ಇಂಥ ಜೀವ ಎಲ್ಲಿದೆ’ ಅನ್ನೋ ಮಾತನ್ನ ಹತ್ತು ಕಡೆ ಓದಿ ತಲೆ ತಿರುಗಿತ್ತು. ಮಾರಿದವರು ಸುಳ್ಳೇನೂ ಹೇಳಲಿಲ್ಲ, ಕೇಳಬೇಕಾದ್ದನ್ನ ನಾನೇ ಕೇಳಲಿಲ್ಲ.

ಮೊದಲ ದಿನ ಸೀಟು ಎರಡು ಬೆರಳು ಎತ್ತರಿಸೋಣ ಅಂತ ಬೋಲ್ಟ್ ಸಡಿಲಿಸಿದೆ. ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. ಫ್ರೇಮಿನ ಸ್ಟೀಲ್ ಕೊಳವೆಯೊಳಗೆ ಸೀಟು ಹೊತ್ತ ಅಲ್ಯೂಮಿನಿಯಂ ಪೋಸ್ಟು, ನಡುವೆ ಗ್ರೀಸಿಲ್ಲ, ವರ್ಷಗಟ್ಟಲೆ ಬೆವರು, ಮಳೆನೀರು ಇಳಿದಿದೆ. ತುಕ್ಕು ಎರಡನ್ನೂ ಬೆಸುಗೆ ಹಾಕಿದಂಗೆ ಹಿಡಿದುಬಿಟ್ಟಿತ್ತು. ಕೊನೆಗೆ ಪೋಸ್ಟಿನ ತಲೆ ಕೊಯ್ದು, ಹ್ಯಾಕ್ಸಾ ಬ್ಲೇಡನ್ನ ಒಳಗಿಳಿಸಿ, ಉದ್ದಕ್ಕೆ ಸೀಳಿ ಸೀಳಿ ತೆಗೆದೆ. ಎರಡು ಭಾನುವಾರ ಅದಕ್ಕೇ ಹೋಯಿತು.

ಇನ್ನು ಫೋರ್ಕು, ಅಂದರೆ ಮುಂಚಕ್ರವನ್ನ ಹಿಡಿಯೋ ಕವಲು. ಆ ಕಾಲದ ಎಷ್ಟೋ ಸಸ್ಪೆನ್ಷನ್ ಫೋರ್ಕುಗಳೊಳಗೆ ಸ್ಪ್ರಿಂಗಿನ ಬದಲು ಎಲಾಸ್ಟೊಮರ್ ಅನ್ನೋ ರಬ್ಬರಿನಂಥ ತುಂಡುಗಳಿರುತ್ತವೆ. ವಯಸ್ಸಾದರೆ ಅವು ಸಾಯುತ್ತವೆ. ಬಿಚ್ಚಿ ನೋಡಿದಾಗ ನನ್ನವುಗಳಲ್ಲಿ ಒಂದಿಷ್ಟು ಡಾಂಬರಿನ ಹಾಗೆ ಬೆರಳಿಗೆ ಮೆತ್ತಿಕೊಂಡವು, ಉಳಿದವು ಸೀಮೆಸುಣ್ಣದಂತೆ ಪುಡಿಯಾದವು. ಆದರೆ ಬಿಚ್ಚಿದ್ದು ಬಿದ್ದ ಮೇಲೆ! ಇಳಿಜಾರಿನ ಒಂದು ಗುಂಡಿಯಲ್ಲಿ ಫೋರ್ಕು ಒಂದಿಷ್ಟೂ ಕುಗ್ಗಲಿಲ್ಲ, ಮುಂಚಕ್ರ ಅಲ್ಲೇ ನಿಂತಿತು, ನಾನು ಹ್ಯಾಂಡಲ್ ದಾಟಿ ಮುಂದೆ ಹೋದೆ. ಮೂರು ವಾರ ಮಣಿಕಟ್ಟಿಗೆ ಪಟ್ಟಿ.

ತಪ್ಪು ಫೋರ್ಕಿನದೊಂದೇ ಅಲ್ಲ. ಆಗಿನ ಬೈಕುಗಳ ಹೆಡ್ ಆ್ಯಂಗಲ್, ಅಂದರೆ ಫೋರ್ಕು ನೆಲಕ್ಕೆ ಎಷ್ಟು ಕಡಿದಾಗಿ ನಿಲ್ಲುತ್ತೆ ಅನ್ನೋ ಕೋನ, 71 ಡಿಗ್ರಿಯ ಆಸುಪಾಸು. ಈಗಿನ ಟ್ರೇಲ್ ಬೈಕುಗಳಲ್ಲಿ 65ರ ಹತ್ತಿರ. ನನ್ನದರಲ್ಲಿ ಹ್ಯಾಂಡಲನ್ನ ಮುಂದಕ್ಕೆ ಚಾಚಿ ಹಿಡಿಯೋ ಸ್ಟೆಮ್ 135 ಮಿಲಿಮೀಟರ್, ಹ್ಯಾಂಡಲ್ ಅಗಲ ಬರೀ 560. ಕೈಯ ಭಾರವೆಲ್ಲ ಮುಂಚಕ್ರದ ಮೇಲೆ. ಏರು ಹತ್ತುವಾಗ ಇದೇ ವರ, ಚಕ್ರ ಅತ್ತಿತ್ತ ಸರಿಯದೆ ನೆಲ ಕಚ್ಚಿಕೊಂಡು ಹೋಗುತ್ತೆ, ಆ ಖುಷಿಯನ್ನ ನಾನು ಅಲ್ಲಗಳೆಯಲ್ಲ. ಇಳಿಯುವಾಗ ಅದೇ ಶಾಪ. ಅದನ್ನೇ ‘ಚುರುಕು’ ಅಂತ ಹೊಗಳುವವರು ಕಡಿದಾದ ಇಳಿಜಾರಲ್ಲಿ ಅದನ್ನ ಓಡಿಸಿದ್ದಾರೋ ಇಲ್ಲವೋ ನನಗೆ ಅನುಮಾನ.

‘ಮೂಲ ಭಾಗಗಳನ್ನ ಮುಟ್ಟಲೇಬಾರದು’ ಅನ್ನೋ ಮಡಿಯೂ ನನಗೆ ಅರ್ಥವಾಗಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ರಿಪ್ಯಾಕ್ ರೇಸ್ ಶುರು ಮಾಡಿದವರು ಹಳೇ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುತ್ತಿದ್ದರು. ಕೆಳಗೆ ಬರೋಷ್ಟರಲ್ಲಿ ಪೆಡಲ್ ಹಿಂದಕ್ಕೆ ತುಳಿದು ಹಿಡಿಯೋ ಹಿಂದಿನ ಕೋಸ್ಟರ್ ಬ್ರೇಕ್ ಕಾದು ಹಬ್ಬಿನ ಗ್ರೀಸ್ ಹೊಗೆಯಾಗಿ, ಮತ್ತೆ ಗ್ರೀಸ್ ತುಂಬಬೇಕಿತ್ತು. ರಿಪ್ಯಾಕ್ ಅಂದರೆ ಮತ್ತೆ ತುಂಬೋದು, ಹೆಸರು ಬಂದಿದ್ದೇ ಅದರಿಂದ. ಒಳ್ಳೇ ಬ್ರೇಕ್ ಸಿಕ್ಕಿದ್ದೇ ತಡ, ಹಳೇದನ್ನ ಕಿತ್ತೆಸೆದರು.

ಕೊಳ್ಳಲೇಬೇಕು ಅಂದರೆ ಮಾರುವವರ ಎದುರೇ ಸೀಟು ಎತ್ತಿಸಿ, ಸ್ಟೆಮ್ ಬಿಚ್ಚಿಸಿ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನ ಭಾರ ಬಿಟ್ಟು ಅದುಮಿ. ಅಲ್ಯೂಮಿನಿಯಂ ಫ್ರೇಮಾದರೆ ಬೆಸುಗೆಯ ಪಕ್ಕ ಕೂದಲೆಳೆಯಂಥ ಬಿರುಕು ಹುಡುಕಿ, ಅಂಟಿನಿಂದ ಜೋಡಿಸಿದ್ದಾದರೆ ಕೀಲುಗಳನ್ನ ಇನ್ನೂ ಹತ್ತಿರದಿಂದ ನೋಡಿ. ನೇರಳೆ ಬಣ್ಣಕ್ಕೆ ಮಾತ್ರ ಒಂದು ಪೈಸೆ ಹೆಚ್ಚು ಕೊಡಬೇಡಿ.

ನನ್ನದಕ್ಕೆ ಈಗ ಸಸ್ಪೆನ್ಷನ್ ಇಲ್ಲದ ಗಟ್ಟಿ ಸ್ಟೀಲ್ ಫೋರ್ಕು, ಗಿಡ್ಡ ಸ್ಟೆಮ್. ಮಣ್ಣುದಾರಿಯಲ್ಲಿ ಚೆನ್ನಾಗೇ ಓಡುತ್ತೆ. ಕಡಿದಾದ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗ್ತೀನಿ.