"ಎಲ್ಲಾ ಲಸಿಕೆ ಆಗಿದೆ" ಅಂದರೆ ನಂಬಿ ಗಬ್ಬದ ಹಸು ತರಬೇಡಿ

ದನ ಸಾಕುವವರು, ಅದರಲ್ಲೂ ಈಗ ಸೀಮೆಹಸು ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಸು ದಿನ ತುಂಬುವ ಮೊದಲೇ ಕಂದು ಹಾಕುವ, ಅಂದರೆ ಗಬ್ಬ ಕಳೆದುಕೊಳ್ಳುವ ಕಂದುರೋಗ (ಬ್ರುಸೆಲ್ಲೋಸಿಸ್) ನಮ್ಮ ಕೊಟ್ಟಿಗೆಗೆ ಹೇಗೆ ಬಂತು, ಬಂದ ಮೇಲೆ ಏನೇನು ಕಳೆದುಕೊಂಡೆವು ಎಂದು ಬರೆಯುತ್ತಿದ್ದೇನೆ.

ಹೋದ ವರ್ಷ ನಮ್ಮ ಯಜಮಾನರು ಮತ್ತು ಮೈದುನ ಸೇರಿ ಎಚ್‌ಎಫ್ ತಳಿಯ ಒಂದು ಸೀಮೆಹಸು ತಂದರು. ಎರಡನೇ ಸೂಲು, ತುಂಬು ಗಬ್ಬ. ನೋಡಲು ಲಕ್ಷಣವಾಗಿತ್ತು. ಮೇವು ಚೆನ್ನಾಗಿ ತಿನ್ನುತ್ತಿತ್ತು, ಜ್ವರ ಇಲ್ಲ, ಕೆಚ್ಚಲಲ್ಲೂ ತೊಂದರೆ ಇಲ್ಲ. "ಎಲ್ಲಾ ಲಸಿಕೆ ಆಗಿದೆ ಯಜಮಾನ್ರೇ, ಓಲೆ ನೋಡಿ, ಕಣ್ಮುಚ್ಕೊಂಡು ಹಿಡ್ಕೊಂಡು ಹೋಗಿ" ಅಂದ ದಲ್ಲಾಳಿ. ಕಿವಿಯಲ್ಲಿ ಹಳದಿ ಓಲೆ, ಅಂದರೆ ನಂಬರಿನ ಬಿಲ್ಲೆ, ಇದ್ದದ್ದು ನಿಜ. ಕಾಲುಬಾಯಿ ಜ್ವರದ ಲಸಿಕೆ ಆಗಿದ್ದದ್ದೂ ನಿಜ. ಆದರೆ ಮೊದಲ ಸೂಲಿನಲ್ಲಿ ಆ ಹಸು ಕಂದು ಹಾಕಿತ್ತು. ಅದನ್ನು ಮಾತ್ರ ಮಾರಿದವರು ಬಾಯಿ ಬಿಡಲಿಲ್ಲ. ಆ ಊರಿನವರೇ ಒಬ್ಬರು ಹೇಳುವ ಹೊತ್ತಿಗೆ ನಮ್ಮಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿತ್ತು.

ಈ ರೋಗದಲ್ಲಿ ಮೋಸ ಹೋಗುವುದೇ ಇಲ್ಲಿ. ಒಂದು ಸಲ ಕಂದು ಹಾಕಿದ ಹಸು ಮುಂದಿನ ಸಲ ದಿನ ತುಂಬಿಯೇ ಕರು ಹಾಕಬಹುದು. ನೋಡಿದವರಿಗೆ ಏನೂ ಗೊತ್ತಾಗಲ್ಲ. ಆದರೆ ಕರು ಹಾಕುವಾಗ ಬೀಳುವ ನೀರು, ಕಸ (ಮಾಸು), ಆಮೇಲಿನ ಸ್ರಾವ ಎಲ್ಲದರಲ್ಲೂ ರೋಗಾಣು ಇರುತ್ತದೆ. ಹಾಲಿನಲ್ಲೂ ಬರುತ್ತದೆ. ಅದೇ ನೆಲ ನೆಕ್ಕಿದ, ಅದೇ ಹುಲ್ಲು ತಿಂದ ಹಸುಗಳಿಗೆ ಅಂಟುತ್ತದೆ.

ನಮ್ಮಲ್ಲೂ ಹಾಗೇ ಆಯಿತು. ತಂದ ಹಸು ಕರು ಹಾಕಿತು, ಕಸ ಮಾತ್ರ ಬೀಳಲಿಲ್ಲ. ಮೈದುನ ಬರಿಗೈಯಲ್ಲೇ ಎಳೆದು ತೆಗೆದ. ನಮ್ಮ ಕಡೆ ಎಲ್ಲರೂ ಮಾಡುವುದು ಹಾಗೇ ಅಲ್ವಾ? ಅದನ್ನು ಗೋಣಿಚೀಲದಲ್ಲಿ ಕಟ್ಟಿ, ಹಾಲು ಹೆಚ್ಚಲಿ ಅಂತ ಆಲದ ಮರಕ್ಕೆ ನೇತುಹಾಕಿದ್ದೂ ಆಯಿತು. ಹಸು ಹಾಲು ಚೆನ್ನಾಗಿಯೇ ಕೊಟ್ಟಿತು.

ಕೆಲವು ತಿಂಗಳ ಮೇಲೆ, ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ಗೌರಿ ಏಳು ತಿಂಗಳಿಗೆ ಕಂದು ಹಾಕಿತು. ಯಾವುದೋ ಗುದ್ದಿರಬೇಕು ಅಂದರು ಒಬ್ಬರು. ದೃಷ್ಟಿ ಅಂದರು ಇನ್ನೊಬ್ಬರು. ಅದರ ಹಿಂದೆಯೇ ಪಕ್ಕದಲ್ಲಿ ಕಟ್ಟುತ್ತಿದ್ದ ಚೊಚ್ಚಲ ಗಬ್ಬದ ಕಡಸು ಕೂಡ ಕಂದು ಹಾಕಿತು. ಆಗ ಪಶು ವೈದ್ಯರು ಎಲ್ಲ ಹಸುಗಳ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ತಂದ ಹಸು, ಗೌರಿ, ಕಡಸು ಮೂರರಲ್ಲೂ ರೋಗ ಇತ್ತು.

"ಈಗಲಾದ್ರೂ ಎಲ್ಲಕ್ಕೂ ಲಸಿಕೆ ಹಾಕಿಬಿಡಿ ಡಾಕ್ಟ್ರೇ" ಅಂದರು ಯಜಮಾನರು. ಆಗಲ್ಲ ಅಂದರು ಡಾಕ್ಟರು. ಈ ಲಸಿಕೆ ಹಾಕುವುದು ಹೆಣ್ಣು ಕರುಗಳಿಗೆ ಮಾತ್ರ, 4ರಿಂದ 8 ತಿಂಗಳ ಒಳಗೆ, ಜೀವಮಾನದಲ್ಲಿ ಒಂದೇ ಸಲ. ಎಸ್-19 ಅಂತ ಅದರ ಹೆಸರು. ರೋಗಾಣುವಿನ ಬಲ ಕುಗ್ಗಿಸಿ ಮಾಡಿದ ಜೀವಂತ ಲಸಿಕೆ. ಗಬ್ಬದ ಹಸುವಿಗೆ ಹಾಕಿದರೆ ಲಸಿಕೆಯಿಂದಲೇ ಕಂದು ಬೀಳಬಹುದು. ದೊಡ್ಡ ಹಸುವಿಗೆ ಹಾಕಿದರೆ ರಕ್ತಪರೀಕ್ಷೆಯಲ್ಲಿ ರೋಗವೋ ಲಸಿಕೆಯೋ ತಿಳಿಯದೆ ಗೊಂದಲವಾಗುತ್ತದೆ. ಗಂಡು ಕರುವಿಗೆ ಹಾಕುವಂತೆಯೇ ಇಲ್ಲ. ಇನ್ನು ರೋಗ ಹತ್ತಿದ ಹಸುವನ್ನು ಪೂರ್ತಿ ಗುಣ ಮಾಡುವ ಔಷಧಿ ಇಲ್ಲ. ಇದನ್ನು ಕೇಳಿದಾಗ ನನಗೆ ಕೈಕಾಲೇ ಆಡಲಿಲ್ಲ.

ದಲ್ಲಾಳಿಗಳು ಹೇಳುವ "ಎಲ್ಲಾ ಲಸಿಕೆ"ಯಲ್ಲಿ ಇದು ಸೇರಿರುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಮತ್ತೆ ಮತ್ತೆ ಬರುತ್ತದೆ, ಈ ಸಲ ತಪ್ಪಿದರೆ ಮುಂದಿನ ಸಲ ಹಾಕಿಸಬಹುದು. ಇದು ಹಾಗಲ್ಲ. ಕರುವಿನ ವಯಸ್ಸು ದಾಟಿದರೆ ಮುಗಿಯಿತು. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿಯೇ ಹಾಕುತ್ತಾರೆ, ಒಂದು ರೂಪಾಯಿ ಖರ್ಚಿಲ್ಲ. ಲಸಿಕೆ ಹಾಕಿಸಿದ ಹಸುವಿಗೆ ರೋಗ ಬರುವುದೇ ಇಲ್ಲ ಎಂದಲ್ಲ. ಆದರೆ ಕಂದು ಬೀಳುವುದು ಬಹಳ ಕಡಿಮೆಯಾಗುತ್ತದೆ. ಕಂದು ಬೀಳದಿದ್ದರೆ ರೋಗ ಹರಡುವುದೂ ಕಡಿಮೆ.

ಹಸುಗಳದ್ದು ಒಂದು ಕಷ್ಟವಾದರೆ ಮೈದುನನದ್ದು ಇನ್ನೊಂದು. ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸೊಂಟ ಹಿಡಿದುಕೊಂಡು ಏಳಲಾಗದ ನೋವು. ಟೈಫಾಯಿಡ್ ಅಂತ ಔಷಧಿ ಕೊಟ್ಟರು, ಬಿಟ್ಟು ಬಿಟ್ಟು ಜ್ವರ ಬರುತ್ತಲೇ ಇತ್ತು. ಮನೆಯಲ್ಲಿ ಹಸು ಕಂದು ಹಾಕಿದೆ ಎಂದು ಹೇಳಿದ ಮೇಲೆಯೇ ಬ್ರುಸೆಲ್ಲಾ ಪರೀಕ್ಷೆ ಬರೆದುಕೊಟ್ಟರು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡನ್ನೂ ಆರು ವಾರ ತಪ್ಪದೆ ತೆಗೆದುಕೊಳ್ಳಬೇಕಾಯಿತು. ಜ್ವರ ಬಿಟ್ಟಿತು ಅಂತ ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಬರುತ್ತದಂತೆ. ದನ ಸಾಕುವ ಮನೆಯಲ್ಲಿ ಯಾರಿಗಾದರೂ ಇಂಥ ಜ್ವರ ಬಂದರೆ ಮೊದಲು ಡಾಕ್ಟರಿಗೆ "ನಮ್ಮಲ್ಲಿ ದನ ಇದೆ" ಎಂದು ಹೇಳಿ. ಅವರಾಗಿ ಕೇಳುತ್ತಾರೆ ಅಂತ ಕಾಯಬೇಡಿ. ಮಕ್ಕಳಿಗೆ ಬಲ ಬರುತ್ತದೆ ಅಂತ ನೊರೆಹಾಲು ಕುಡಿಸಬೇಡಿ. ಹಾಲು ಉಕ್ಕುವಂತೆ ಕಾಯಿಸಿದರೆ ರೋಗಾಣು ಸಾಯುತ್ತದೆ.

ಹಸು ಕಂದು ಹಾಕಿದರೆ ಕೈಗೆ ಗವಸು ಇಲ್ಲದೆ ಮುಟ್ಟಬೇಡಿ. ಬಸುರಿ ಹೆಂಗಸರು ಹತ್ತಿರವೂ ಹೋಗಬಾರದು. ಕಂದು, ಕಸ, ಒದ್ದೆಯಾದ ಹುಲ್ಲು ಎಲ್ಲವನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಮರಕ್ಕೆ ಕಟ್ಟುವ ಪದ್ಧತಿ ಹಿರಿಯರದ್ದು, ನನಗೂ ಗೌರವ ಇದೆ. ಆದರೆ ನಾಯಿ, ಕಾಗೆ ಎಳೆದುಕೊಂಡು ಹೋದರೆ ಊರಿಗೆಲ್ಲ ರೋಗ ಹಂಚಿದಂತೆ. ದಯವಿಟ್ಟು ಬಿಡಿ.

"ದೂರದ ಸಂತೆಗೆ ಹೊಡೆದು ಮಾರಿಬಿಡಿ, ಯಾರಿಗೆ ಗೊತ್ತಾಗುತ್ತೆ" ಎಂದು ನಮಗೂ ಹೇಳಿದವರಿದ್ದಾರೆ. ನಾವು ಮಾರಲಿಲ್ಲ. ಮೂರನ್ನೂ ಬೇರೆ ಕಟ್ಟಿ ಸಾಕುತ್ತಿದ್ದೇವೆ. ಆದರೆ ಎಲ್ಲರೂ ಹೀಗೇ ಮಾಡುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಕಂದು ಹಾಕಿದ ಹಸುಗಳು ಸಂತೆಗೆ ಬರುತ್ತಲೇ ಇವೆ. ಅದಕ್ಕೇ ದುಡ್ಡು ಕೊಡುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಓಲೆಯ 12 ಅಂಕಿಯ ನಂಬರನ್ನು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೊಟ್ಟು ಯಾವ ಲಸಿಕೆ ದಾಖಲಾಗಿದೆ ಎಂದು ಕೇಳಿ. ಪರೀಕ್ಷೆಯಲ್ಲಿ ರೋಗ ಇಲ್ಲ ಎಂದು ಬಂದರೂ ತಂದ ಹಸುವನ್ನು ಒಂದು ತಿಂಗಳು ಬೇರೆ ಕಟ್ಟಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಕರು ಹಾಕಿದ ಮೇಲೂ ಒಮ್ಮೆ ಮಾಡಿಸಿ. ಹೊಸದಾಗಿ ಅಂಟಿದ್ದರೆ ಮೊದಲ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಮಾರುವವರು ಒಪ್ಪದಿದ್ದರೆ ಆ ಹಸು ಬೇಡವೇ ಬೇಡ.

ಮನೆಯಲ್ಲಿ 4 ತಿಂಗಳು ತುಂಬಿದ ಹೆಣ್ಣು ಕರು ಇದ್ದರೆ ಈ ವಾರವೇ ಆಸ್ಪತ್ರೆಗೆ ಹೇಳಿ. ಎಮ್ಮೆ ಕರುವಿಗೂ ಇದೇ ಲಸಿಕೆ. ಒಂದು ಬಾಟಲಿಯಲ್ಲಿ ಸಾಮಾನ್ಯವಾಗಿ ಹಲವು ಕರುಗಳಿಗಾಗುವಷ್ಟು ಲಸಿಕೆ ಇರುತ್ತದೆ. ಒಮ್ಮೆ ಕಲಸಿದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಆದ್ದರಿಂದ ಅಕ್ಕಪಕ್ಕದ ಮನೆಗಳ ಕರುಗಳನ್ನೂ ಸೇರಿಸಿ ಒಟ್ಟಿಗೆ ಹೆಸರು ಕೊಡಿ. ನಮ್ಮ ಬೀದಿಯ ಕರುಗಳಿಗೆಲ್ಲ ಹೀಗೆಯೇ ಒಂದೇ ಬೆಳಿಗ್ಗೆ ಹಾಕಿಸಿದೆವು.